ಯಾರೂ ದೂರು ಹೇಳದ ಎಂಜಿನ್

ಮೀಟರಣ್ಣ ಆ ಕಾರನ್ನು ಕೊಂಡದ್ದು ಅದರ ಮೀಟರ್ ನೋಡಿ.

ಇದಕ್ಕೆ ನಗುವವರು ನಗಲಿ. ಹತ್ತೊಂಬತ್ತು ವರ್ಷ ಮನೆಮನೆಗೂ ಹೋಗಿ, ನೀರಿನ ಮೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗಾಜಿನ ಮೇಲಿನ ಪಾಚಿ ಒರೆಸಿ, ಮುಳ್ಳು ಹೇಳಿದ್ದನ್ನು ಬರೆದುಕೊಂಡು ಬಂದ ಮನುಷ್ಯ ಈ ಲೋಕದಲ್ಲಿ ಮುಳ್ಳನ್ನಲ್ಲದೆ ಇನ್ನು ಯಾರನ್ನು ನಂಬಬೇಕು? ಮನೆಯ ಯಜಮಾನ 'ನಾವು ನೀರೇ ಬಳಸಲ್ಲ ಸಾರ್' ಅನ್ನುತ್ತಾನೆ. ಮುಳ್ಳು ಬೇರೆಯೇ ಹೇಳುತ್ತದೆ. ಯಜಮಾನರು ಸುಳ್ಳಾಡಬಹುದು, ಮುಳ್ಳು ಆಡುವುದಿಲ್ಲ. ಹೀಗಿರುವಾಗ ಗುಡ್ಡದ ಮೇಲಿನ ಹಲ್ಲಿನ ಡಾಕ್ಟರ ಶೆಡ್ಡಿನಲ್ಲಿ, ಟಾರ್ಪಾಲಿನಡಿ ಮಲಗಿದ್ದ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ಅವನು ಬಗ್ಗಿ ನೋಡಿದ. ಬಿಳಿ ತಟ್ಟೆ, ಕಪ್ಪು ಅಂಕಿ. ಸೊನ್ನೆಯಿಂದ ಇನ್ನೂರ ನಲವತ್ತರವರೆಗೆ! ಅವನ ಸ್ಕೂಟರಿನ ಮುಳ್ಳು ಮೂವತ್ತೈದನ್ನು ಒಮ್ಮೆ ಮುಟ್ಟಿತ್ತು, ಅದೂ ಸ್ಕೂಟರು ಬಿದ್ದಾಗ.

ಮೀಟರಣ್ಣ ಎಂಬುದು ಅವನಿಗೆ ಬೀದಿಯವರು ಇಟ್ಟ ಹೆಸರು. ಅದರಲ್ಲಿ ಗೌರವ ಅರ್ಧ, ಕುಹಕ ಅರ್ಧ. ಏಕೆಂದರೆ ಹುಡುಗರ ಮಾತಿನಲ್ಲಿ ಮೀಟರ್ ಎಂದರೆ ಧೈರ್ಯ. "ಅಣ್ಣನ ಪುಸ್ತಕದಲ್ಲಿ ಸಾವಿರ ಮೀಟರ್ ಇದೆ, ಮೈಯಲ್ಲಿ ಒಂದೂ ಇಲ್ಲ" ಎಂದು ಕ್ಷೌರದಂಗಡಿಯವನು ಅವನ ಕತ್ತಿನ ಹಿಂದೆ ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದ. ಕತ್ತರಿ ಕತ್ತಿನ ಹತ್ತಿರ ಇದ್ದುದರಿಂದ ಮೀಟರಣ್ಣ ಒಪ್ಪಿಕೊಳ್ಳುತ್ತಿದ್ದ.

"ಡಾಕ್ಟ್ರೇ, ಗಾಡಿಯಲ್ಲಿ ತೊಂದರೆ ಏನಾದ್ರೂ ಇದ್ಯಾ?" ಎಂದು ಅವನು ಕೇಳಿದ್ದು ನಿಜ. ಅಷ್ಟು ಎಚ್ಚರ ಅವನಿಗಿತ್ತು.

"ತೊಂದರೆ ಕೊಡ್ತಾ ಇದ್ದದ್ದನ್ನ ಕಿತ್ತು ಹಾಕಿದ್ದೀನಿ," ಎಂದರು ಡಾಕ್ಟರು. "ಈಗ ಯಾವ ನೋವೂ ಇಲ್ಲ."

ಇಷ್ಟು ಜವಾಬ್ದಾರಿಯುತ ಉತ್ತರ ಮೀಟರಣ್ಣನಿಗೆ ಹಿಡಿಸಿತು. ಡಾಕ್ಟರು ಹಿಂದಿನಿಂದ ಒಂದು ನೂಕು ನೂಕಿದರು. ಗುಡ್ಡದಿಂದ ಮನೆಯವರೆಗೆ ಆರು ಬೀದಿ, ಆರೂ ಇಳಿಜಾರು. ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕಿತು, ನಾಯಿಗಳು ದಾರಿ ಬಿಟ್ಟವು. ಎಂಥಾ ಗಾಡಿ, ಸದ್ದೇ ಇಲ್ಲವಲ್ಲ ಎಂದು ಅವನ ಎದೆಯುಬ್ಬಿತು. ಕಟ್ಟಡದ ಅಂಗಳಕ್ಕೆ ಬಂದು, ಸರಿಯಾಗಿ ಅವನ ಮನೆಯ ಕಿಟಕಿಯ ಕೆಳಗೆ, ಬ್ರೇಕು ಮುಟ್ಟದೆಯೇ ಗಾಡಿ ನಿಂತಿತು. ಆಮೇಲೆ ಅಲ್ಲಾಡಲಿಲ್ಲ.

ಹೆಂಡತಿ ಕೆಳಗಿಳಿದು ಬಂದಳು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಯಾವುದನ್ನೂ ಬಿಡಿಸಿ ನೋಡದೆ ನಂಬುವವಳಲ್ಲ. ಬಾನೆಟ್ ಎತ್ತಿದಳು.

"ರೀ, ಇಲ್ಲಿ ಎಂಜಿನ್ ಇರಬೇಕಲ್ವಾ?"

"ಹಿಂದೆ ಇರಬಹುದು. ಕೆಲವು ಗಾಡಿಗೆ ಹಿಂದೆ ಇರುತ್ತೆ."

ಹಿಂದಿನ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಮತ್ತು ಹಲ್ಲುಜ್ಜುವ ಸರಿಯಾದ ವಿಧಾನವನ್ನು ತೋರಿಸುವ ಒಂದು ಪೋಸ್ಟರ್ ಇದ್ದವು.

ಕಿಟಕಿಯೊಳಗಿನ ಮಂಚದಿಂದ ಒಂದು ಧ್ವನಿ ಬಂತು. "ಅಳಿಯಂದಿರು ಜಾಣರು. ಎಂಜಿನ್ ಇದ್ರೆ ತಾನೇ ಕೆಡೋದು?"

ಅದು ಮಾವ. ಮೂವತ್ತೆರಡು ವರ್ಷ ಬಸ್ಸು ಓಡಿಸಿ, ನಿವೃತ್ತಿಯ ಮರುದಿನ ಮಂಚ ಹತ್ತಿದವರು ಎರಡು ವರ್ಷವಾದರೂ ಇಳಿದಿರಲಿಲ್ಲ. ಅವರಿಗೆ ರೋಗವೇನೂ ಇಲ್ಲವೆಂದು ಮೂವರು ಡಾಕ್ಟರು ಹೇಳಿದ್ದರು. ಮಾವ ಆ ಮೂವರ ಮೇಲೂ ಮುನಿಸಿಕೊಂಡಿದ್ದರು. ಅಳಿಯನನ್ನು ಅವರು ಯಾವತ್ತೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಆ ಬಹುವಚನದಷ್ಟು ಚುಚ್ಚುವ ಬೈಗುಳ ಕನ್ನಡದಲ್ಲಿ ಇನ್ನೊಂದಿಲ್ಲ.

*

ಎಂಜಿನ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಜೊತೆಗೆ ಬಂದಿದ್ದವಳು ಗ್ಯಾರೇಜಿನ ಅಕ್ಕ. ಊರಿನ ಗಾಡಿಗಳೆಲ್ಲ ಅವಳ ಕೈಯಲ್ಲೇ ರಿಪೇರಿಯಾಗುತ್ತಿದ್ದುದರಿಂದ ಮುದುಕರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವಳು ಎಂಜಿನ್ನಿನ ಪ್ಲಗ್ಗು ಬಿಚ್ಚಿ, ರಂಧ್ರದೊಳಗೆ ಟಾರ್ಚು ಬಿಟ್ಟು, ತುಂಬಾ ಹೊತ್ತು ನೋಡಿದಳು.

"ಒಳಗೆ ಹೊಸದರ ಹಾಗೇ ಇದೆಯಲ್ಲಾ! ಯಾವ ಗಾಡೀದು?"

"ಒಂದು ವ್ಯಾನಿಂದು," ಎಂದ ಗುಜರಿಯವನು. "ಹನ್ನೊಂದು ವರ್ಷ ಓಡಿದೆ. ಒಂದು ದಿನಾನೂ ಇಪ್ಪತ್ತು ದಾಟಿಲ್ಲ. ಬೆಟ್ಟ ಹತ್ತಿಲ್ಲ, ರೇಸು ಮಾಡಿಲ್ಲ. ಕರ್ಕೊಂಡು ಹೋದ ಪ್ಯಾಸೆಂಜರಲ್ಲಿ ಒಬ್ಬರೇ ಒಬ್ಬರು ಕಂಪ್ಲೇಂಟ್ ಹೇಳಿಲ್ಲ ಅಂದ್ರೆ ನಂಬ್ತೀರಾ?"

"ಒಬ್ಬರೂ?"

"ಒಬ್ಬರೂ ಇಲ್ಲ. ಎರಡನೇ ಸಲ ಯಾರೂ ಬರ್ಲಿಲ್ಲ ಅನ್ನೋದು ಬಿಟ್ರೆ ಒಳ್ಳೇ ವ್ಯಾಪಾರ."

ಕಡೆಯ ವಾಕ್ಯದ ಬಳಿ ಬೇರೆ ಯಾರಾದರೂ ಒಂದು ಕ್ಷಣ ನಿಲ್ಲುತ್ತಿದ್ದರು. ಮೀಟರಣ್ಣ ಆಗಲೇ ಎಂಜಿನ್ನಿನ ಇನ್ನೊಂದು ತುದಿ ಎತ್ತಿ ಹಿಡಿದಿದ್ದ.

ಒಂದು ಗಾಡಿಯ ಎಂಜಿನ್ ಇನ್ನೊಂದಕ್ಕೆ ಕೂರಿಸುವುದು ಎಂದರೆ ಎರಡು ಮನೆತನಗಳ ನಡುವೆ ಸಂಬಂಧ ಬೆಳೆಸಿದ ಹಾಗೆ. ವ್ಯಾನಿನದು ನಾಲ್ಕು ಬೆರಳು ಉದ್ದವಾಯಿತು. ಅಕ್ಕ ರೇಡಿಯೇಟರನ್ನು ಮೂತಿಯವರೆಗೆ ಸರಿಸಿದಳು. ಗೇರುಪೆಟ್ಟಿಗೆಯ ಬೋಲ್ಟಿನ ತೂತುಗಳು ಹೊಂದಲಿಲ್ಲ. ನಡುವೆ ದಪ್ಪ ಉಕ್ಕಿನ ತಟ್ಟೆ ಕೊರೆಸಿ ಸಂಧಾನ ಮಾಡಿದಳು. ಬಾನೆಟ್ ಮುಚ್ಚಲಿಲ್ಲ; ಒಳಗಿನಿಂದ ಸುತ್ತಿಗೆಯಲ್ಲಿ ತಟ್ಟಿ ಒಂದು ಗೂನು ಎಬ್ಬಿಸಿದಳು. ಮೂರು ವಾರದ ಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಎದ್ದಿತು. ಎದ್ದಿತು ಎನ್ನುವುದೂ ಹೆಚ್ಚೇ. ಯಾರಿಗೂ ತೊಂದರೆಯಾಗದ ಹಾಗೆ, ತಲೆ ತಗ್ಗಿಸಿ, ಮೆಲ್ಲಗೆ ಗುಣುಗುಟ್ಟಿತು.

"ಸ್ವಲ್ಪ ಆಕ್ಸಿಲರೇಟರ್ ಕೊಡು," ಎಂದಳು ಅಕ್ಕ.

ಮೀಟರಣ್ಣ ಕೊಟ್ಟ. ಎಂಜಿನ್ ಸಭೆಯಲ್ಲಿ ಯಾರೋ ಜೋರಾಗಿ ಮಾತಾಡಿದಾಗ ಹಿರಿಯರು ಕೆಮ್ಮುವಂತೆ ಒಮ್ಮೆ ಕೆಮ್ಮಿ, ಮತ್ತೆ ಗುಣುಗುಟ್ಟಿತು.

"ಇದಕ್ಕೆ ಯಾರೋ ತುಂಬಾ ಸಂಸ್ಕಾರ ಕಲಿಸಿದ್ದಾರೆ," ಎಂದು ಅಕ್ಕ ಕೈ ಒರೆಸಿಕೊಂಡಳು. ಹಳೆಯ ಕಾರ್ಬುರೇಟರ್ ಕಿತ್ತು ಎರಡು ಬಾಯಿಯದನ್ನು ಹಾಕಿದಳು. ಟೈಮಿಂಗ್ ಒಂದು ಕೂದಲೆಳೆ ಮುಂದೆ ತಂದಳು, ಪೆಟ್ರೋಲು ಗಾಳಿ ಎಷ್ಟೆಷ್ಟು ಎಂದು ಕಿವಿಯಿಟ್ಟು ಕೇಳಿ ಸ್ಕ್ರೂ ತಿರುಗಿಸಿದಳು. "ನೋಡು, ಇಪ್ಪತ್ತೈದರವರೆಗೂ ಇದು ಒಂದೇ ಬಾಯಲ್ಲಿ ಕುಡಿಯುತ್ತೆ. ಅದು ದಾಟಿದ್ರೆ ಎರಡನೇ ಬಾಯಿ ತೆರೆಯುತ್ತೆ. ಆಗ ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೋ. ಆದರೆ ಮೊದಲು ಕಾಗದಪತ್ರ. ಅಲ್ಲಿಯವರೆಗೆ ರಸ್ತೆಗೆ ತರೋ ಹಾಗಿಲ್ಲ."

*

ಸಾರಿಗೆ ಕಚೇರಿಯ ಮೂರನೇ ಕಿಟಕಿಯ ಗುಮಾಸ್ತ ಎಂಜಿನ್ ನಂಬರನ್ನು ದೊಡ್ಡ ಪುಸ್ತಕದಲ್ಲಿ ಹುಡುಕಿ, ಬೆರಳಿಟ್ಟು, ಎದ್ದು ನಿಂತ. ಸರ್ಕಾರಿ ಗುಮಾಸ್ತ ಎದ್ದು ನಿಲ್ಲುವುದನ್ನು ಮೀಟರಣ್ಣ ಅದೇ ಮೊದಲು ನೋಡಿದ್ದು.

"ಕ್ಷಮಿಸಿ. ಮನೆಯಲ್ಲಿ ಯಾರು ಹೋದದ್ದು?"

"ಎಲ್ಲಿಗೆ?"

"ಮತ್ತೆ ಈ ಗಾಡಿ ತಂದಿದ್ದೀರಲ್ಲ. ಇದು ನಗರಸಭೆಯ ಶವವಾಹನ."

"ಸಾರ್, ಅದು ಕೆಂಪು ಸ್ಪೋರ್ಟ್ಸ್ ಕಾರು. ಎಂಜಿನ್ ಮಾತ್ರ..."

"ಎಂಜಿನ್ ಎಲ್ಲಿದೆಯೋ ಗಾಡಿ ಅಲ್ಲಿದೆ. ಶವವಾಹನದ ಬಾಡಿ ತುಕ್ಕು ಹಿಡಿದು ಗುಜರಿಗೆ ಹೋಗಿದೆ ಅಂತ ಬರೆದಿದ್ದಾರೆ. ಎಂಜಿನ್ ಹೋಗಿದೆ ಅಂತ ಎಲ್ಲೂ ಇಲ್ಲ. ಅಂದ್ರೆ ಅದು ಇನ್ನೂ ಸೇವೆಯಲ್ಲಿದೆ. ನೀವು ಮಾಡಿರೋದು ಇಷ್ಟೇ, ಶವವಾಹನಕ್ಕೆ ಹೊಸ ಬಾಡಿ ಕಟ್ಟಿಸಿದ್ದೀರಿ. ಎರಡು ಸೀಟಿಂದು." ಗುಮಾಸ್ತ ತಲೆದೂಗಿದ. "ಸಮಾಜಸೇವೆ ಮಾಡೋರು ಈಗ ಕಡಿಮೆ."

ನಿಯಮ ಹೀಗಿತ್ತು. ತಪಾಸಣಾಧಿಕಾರಿ ಗಾಡಿಯನ್ನು ನೋಡುತ್ತಾರೆ. ಶವವಾಹನವಾಗಿರಲು ಯೋಗ್ಯ ಎಂದು ಕಂಡರೆ ನಗರಸಭೆ ಅದನ್ನು ವಾಪಸು ತೆಗೆದುಕೊಳ್ಳುತ್ತದೆ. ಅಯೋಗ್ಯ ಎಂದು ಕಂಡರೆ ಆ ದರ್ಜೆ ರದ್ದು. ಆಗ ಬೇಕಾದರೆ ಕಾರು ಎಂದು ಬರೆಸಿಕೊಳ್ಳಬಹುದು.

"ಹಾಗಾದ್ರೆ ನಾನು ಫೇಲಾಗಬೇಕು," ಎಂದ ಮೀಟರಣ್ಣ.

"ಹೌದು."

"ಅದೇನು ಕಷ್ಟ ಇಲ್ಲ ಸಾರ್. ಅಭ್ಯಾಸ ಇದೆ."

"ಇನ್ನೊಂದು. ಓಟದ ಪರೀಕ್ಷೆಗೆ ಭಾರ ಬೇಕು. ಒಬ್ಬ ವ್ಯಕ್ತಿ, ಮಲಗಿದ ಸ್ಥಿತಿ, ನಿಶ್ಚಲ. ಮರಳಿನ ಚೀಲ ನಡೆಯಲ್ಲ. ಸತ್ತವರೇ ಆಗಬೇಕು ಅಂತ ಏನಿಲ್ಲ," ಎಂದು ಗುಮಾಸ್ತ ಉದಾರವಾಗಿ ಹೇಳಿದ.

*

ಸುದ್ದಿ ಮೀಟರಣ್ಣನಿಗಿಂತ ಮೊದಲೇ ಮನೆ ತಲುಪಿತ್ತು. ಎಂಜಿನ್ನಿನ ವಿಚಾರವೆಂದು ಯಾರಿಗೂ ಗೊತ್ತಿರಲಿಲ್ಲ; ಅವನು ನೀರಿನ ಕೆಲಸ ಬಿಟ್ಟು ಹೆಣ ಸಾಗಿಸುವ ಕಂಪನಿ ತೆರೆದಿದ್ದಾನೆ ಎಂದಷ್ಟೇ ಗೊತ್ತಿತ್ತು. ಮರುದಿನ ಅವನು ಮೀಟರ್ ಓದಲು ಹೋದ ಮನೆಗಳಲ್ಲಿ ಜನ ಬಾಗಿಲು ತೆರೆದು, ಅವನನ್ನು ನೋಡಿ, "ನಮ್ಮಲ್ಲಿ ಎಲ್ಲಾರೂ ಚೆನ್ನಾಗಿದ್ದೀವಿ!" ಎಂದು ಕೂಗಿ ಮುಚ್ಚಿಕೊಂಡರು.

ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಕೈ ಮುಗಿದರು. "ನಿಮ್ಮ ಅಂಗಳದಿಂದ ಆ ಗಾಡಿ ನೇರ ನನ್ನ ಬಾಗಿಲಿಗೆ ಕಾಣುತ್ತೆ. ಪೇಷೆಂಟುಗಳು ಒಂದು ಸಲ ಅದನ್ನ ನೋಡ್ತಾರೆ, ಒಂದು ಸಲ ನನ್ನ ಬೋರ್ಡ್ ನೋಡ್ತಾರೆ, ವಾಪಸು ಹೋಗ್ತಾರೆ. ನಾವಿಬ್ಬರೂ ಪಾಲುದಾರರು ಅಂತ ತಿಳ್ಕೊಂಡಿದ್ದಾರೆ!"

ಮೇಲಿನ ಮನೆಯ ವಿಮೆ ಏಜೆಂಟ್ ಮಾತ್ರ ಅವನನ್ನು ಅಪ್ಪಿಕೊಂಡ. "ಬ್ರದರ್, ಗಾಡಿ ಅಲ್ಲೇ ಇರಲಿ. ಈ ವಾರ ನಾಲ್ಕು ಪಾಲಿಸಿ. ನಾನು ಮಾತೇ ಆಡಲ್ಲ, ಸುಮ್ನೆ ಕಿಟಕಿ ತೆಗೀತೀನಿ."

ಕಟ್ಟಡದ ಮಾಲೀಕರು ಒಂದು ಚೀಟಿ ಕಳಿಸಿದರು: ಶನಿವಾರದೊಳಗೆ ಅದು ಕಾರೆಂದು ಕಾಗದ ತೋರಿಸಬೇಕು, ಇಲ್ಲವಾದರೆ ಅಂಗಳದಲ್ಲಿ ಇರಕೂಡದು. ಹೆಂಡತಿ ಚೀಟಿಯನ್ನು ಎರಡು ಸಲ ಓದಿದಳು.

"ಶನಿವಾರ ಅದು ಹೋದ್ರೆ ಬೇಜಾರಾಗುತ್ತಾ ನಿಮಗೆ?"

ಮೀಟರಣ್ಣ ಜೇಬಿನಿಂದ ಕಾರಿನ ಕೀಲಿ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವನು ಬೇಕು ಎಂದು ತಂದ ವಸ್ತು ಅದೊಂದೇ ಎಂದು ಲೆಕ್ಕದವಳಿಗೆ ಹೊಳೆಯಿತು.

"ಸರಿ. ಮಲಗೋಕೆ ಯಾರು ಸಿಗ್ತಾರೆ ನೋಡಿ," ಎಂದಳು.

ಯಾರೂ ಸಿಗಲಿಲ್ಲ. ಕ್ಷೌರದಂಗಡಿಯವನು ನಗುವುದನ್ನೇ ನಿಲ್ಲಿಸಿ, "ಅಣ್ಣಾ, ತಮಾಷೆಗೂ ಬೇಡ," ಎಂದ. ವಿಮೆ ಏಜೆಂಟ್ ತಾನಿನ್ನೂ ತನ್ನ ಪಾಲಿಸಿಯನ್ನೇ ಮಾಡಿಸಿಲ್ಲವೆಂದು ಒಪ್ಪಿಕೊಂಡ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದೇ ಹೊತ್ತಿಗೆ, ಕಿಟಕಿಯ ಬಳಿಯ ಮಂಚದ ಕಡೆ ನೋಡಿದರು.

"ಯಾಕೆ ಹಾಗೆ ನೋಡ್ತೀರಿ?" ಎಂದರು ಮಾವ.

ಎರಡು ವರ್ಷ ಅಲ್ಲಾಡದೆ ಮಲಗಿದ ಅನುಭವ ಊರಿನಲ್ಲಿ ಬೇರೆ ಯಾರಿಗಿತ್ತು?

"ಅಪ್ಪಾ, ನೀವು ಏನೂ ಮಾಡಬೇಕಾಗಿಲ್ಲ," ಎಂದಳು ಮಗಳು. "ಇಲ್ಲಿ ಮಾಡೋದನ್ನೇ ಅಲ್ಲಿ ಮಾಡಿ."

"ಕ್ಲಚ್ಚು ಹೇಗಿದೆ ಆ ಗಾಡೀದು?" ಎಂದು ಮಾವ ಕೇಳಿದರು. ಅದನ್ನೇ ಒಪ್ಪಿಗೆ ಎಂದು ತಿಳಿಯಲಾಯಿತು.

*

ಗ್ಯಾರೇಜಿನ ಅಕ್ಕ ಲಾರಿಯ ಮೇಲೆ ಕಾರನ್ನು ಹೇರಿ ಸಾರಿಗೆ ಕಚೇರಿಯ ಹಿಂದಿನ ಪರೀಕ್ಷೆಯ ಮೈದಾನಕ್ಕೆ ತಂದಳು. ತಪಾಸಣಾಧಿಕಾರಿ ಟೇಪು, ಸೀಟಿ ಮತ್ತು ಗುಮಾಸ್ತನೊಂದಿಗೆ ಕಾಯುತ್ತಿದ್ದರು. ತೆಳ್ಳಗಿನ ಮನುಷ್ಯ, ಮುಖ ನೋಡಿದರೆ ಜೀವನದಲ್ಲಿ ಯಾವ ಗಾಡಿಯನ್ನೂ ಸುಲಭವಾಗಿ ಪಾಸು ಮಾಡಿದವರಲ್ಲ. ಮೀಟರಣ್ಣನಿಗೆ ಧೈರ್ಯ ಬಂತು.

"ಬಾಡಿ ತಂದಿದ್ದೀರಾ?"

"ಇದೇ ಬಾಡಿ ಸಾರ್," ಎಂದು ಅವನು ಕಾರಿನ ಬಾಗಿಲು ತಟ್ಟಿದ.

"ಅದಲ್ಲಾರೀ. ಬಾಡಿ!"

"ಓ. ಅವರು ಆ ಮರದ ಕೆಳಗೆ ಟೀ ಕುಡೀತಿದ್ದಾರೆ ಸಾರ್."

ಅಧಿಕಾರಿ ಎಡಗಡೆಯ ಸೀಟನ್ನು ಹಿಂದಕ್ಕೆ ಒರಗಿಸಿ ಟೇಪು ಹಿಡಿದರು. "ಆರು ಅಡಿ ಎರಡು ಅಂಗುಲ. ಸಾಕು. ಬರ್ಕೊಳ್ರಿ, ಪಾಸು."

ಮೀಟರಣ್ಣ ಗಾಬರಿಯಾದ. "ಸಾರ್, ಮೇಲೆ ಚಾವಣಿ ಇಲ್ಲ."

"ಗಾಳಿ ಬೆಳಕು ಧಾರಾಳ. ಪಾಸು."

"ಕೆಂಪು ಬಣ್ಣ ಸಾರ್!"

"ದೂರದಿಂದ ಕಾಣುತ್ತೆ, ಜನ ದಾರಿ ಬಿಡ್ತಾರೆ. ಪಾಸು."

"ಸಾರ್, ಎರಡೇ ಸೀಟು!"

"ಡ್ರೈವರ್ ಒಬ್ಬ, ಅವರೊಬ್ಬರು. ಇನ್ನು ಯಾರು ಬೇಕು?" ಅಧಿಕಾರಿಯ ಮುಖ ಅರಳುತ್ತಾ ಬಂದಿತ್ತು. "ನಾನು ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ, ಇಂಥ ಅನುಕೂಲದ ಗಾಡಿ ನೋಡಿಲ್ಲ. ಮೈದಾನದ ಆ ತುದಿಯ ನೀರಿನ ಟ್ಯಾಂಕ್ ಸುತ್ತಿ ಬನ್ನಿ. ಇಪ್ಪತ್ತು ದಾಟಬಾರದು. ಕುಲುಕಾಟ ಇಲ್ಲದೆ ಬಂದ್ರೆ ಇಲ್ಲೇ ಸೀಲ್ ಹಾಕಿ ನಗರಸಭೆಗೆ ಕಳಿಸಿಬಿಡ್ತೀನಿ."

ಜೀವನವಿಡೀ ಫೇಲಾಗಿ ಬಂದ ಮನುಷ್ಯ, ಫೇಲಾಗಲೇಬೇಕಾದ ಒಂದೇ ದಿನ, ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿದ್ದ. ಅಕ್ಕ ಕಿವಿಯ ಬಳಿ ಬಂದು, "ಇಪ್ಪತ್ತೈದು ದಾಟಿಸು, ಅಷ್ಟೇ," ಎಂದಳು. ಆದರೆ ಅಧಿಕಾರಿ ದಾಟಬಾರದು ಎಂದಿದ್ದರಲ್ಲ! ಸರ್ಕಾರಿ ಮನುಷ್ಯರೊಬ್ಬರು ಬಾರದು ಎಂದ ಮೇಲೆ ದಾಟುವ ಕಾಲು ಮೀಟರಣ್ಣನಿಗೆ ದೇವರು ಕೊಟ್ಟಿರಲಿಲ್ಲ.

ಮಾವನನ್ನು ಮಲಗಿಸಿ, ಗಾಳಿಗೆ ಶೀತವಾದೀತೆಂದು ಹೆಂಡತಿ ಬಿಳಿ ಬೆಡ್‌ಶೀಟ್ ಹೊದಿಸಿದಳು. ಸೀಟಿ ಕೂಗಿತು. ಗಾಡಿ ಹೊರಟಿತು.

ಹದಿನೈದು. ಹದಿನೆಂಟು. ಇಪ್ಪತ್ತು. ಎಂಜಿನ್ನಿಗೆ ತನ್ನ ಹಳೆಯ ದಿನಗಳು ನೆನಪಾದವೋ ಏನೋ, ಎಂಥ ಗಾಂಭೀರ್ಯದಿಂದ ನಡೆಯಿತೆಂದರೆ ಮೈದಾನದಾಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು ಟೋಪಿ ತೆಗೆದ. ದೂರದಲ್ಲಿ ಅಧಿಕಾರಿ ಸೀಲಿಗೆ ಮಸಿ ಒತ್ತುತ್ತಿರುವುದು ಕಂಡಿತು. ಗೇರು ಎರಡರಲ್ಲೇ ಇತ್ತು. ಮೂರಕ್ಕೆ ಹಾಕಬೇಕೆಂಬುದು ಮೀಟರಣ್ಣನಿಗೆ ತೋಚಲಿಲ್ಲ. ಅವನ ಕಣ್ಣು ತುಂಬಿ ಮುಳ್ಳು ಮಸುಕಾಗಿತ್ತು.

"ಅಳಿಯಂದಿರೇ," ಎಂದಿತು ಬೆಡ್‌ಶೀಟು. "ಗೇರು."

"ಮಾವ, ಮಾತಾಡಬೇಡಿ. ನೀವು ನಿಶ್ಚಲ."

"ಎರಡನೇ ಗೇರಲ್ಲಿ ಎಷ್ಟು ದೂರ ಎಳೀತೀರಿ?"

"ಇನ್ನು ಸ್ವಲ್ಪ ದೂರ ಮಾವ. ಎಲ್ಲಾ ಮುಗೀತು."

ಬೆಡ್‌ಶೀಟು ಒಮ್ಮೆ ಮಗ್ಗುಲಾಯಿತು. ಮೂವತ್ತೆರಡು ವರ್ಷ ಗೇರು ಹಿಡಿದ ಕೈ ಅದರಡಿಯಲ್ಲಿ ಗಾಳಿಯಲ್ಲೇ ಮೂರನೇ ಗೇರು ಹಾಕುತ್ತಿತ್ತು. ಮನುಷ್ಯ ಏನನ್ನು ಬೇಕಾದರೂ ಸಹಿಸಬಹುದು, ನಿವೃತ್ತಿಯನ್ನೂ ಸಹಿಸಬಹುದು. ಆದರೆ ಪಕ್ಕದಲ್ಲೇ ಒಬ್ಬ ಒಂದು ಒಳ್ಳೆಯ ಎಂಜಿನ್ನನ್ನು ಹೀಗೆ ಅಳಿಸುವುದನ್ನು?

"ಲೋ!" ಎಂದು ಮಾವ ಧಡಕ್ಕನೆ ಎದ್ದು ಕೂತರು. "ಮೂರಕ್ಕೆ ಹಾಕೋ, ಪಾಪಿ! ಅಳ್ತಾ ಇದೆ ಅದು! ಒತ್ತು ಕ್ಲಚ್ಚು!"

ಮೀಟರಣ್ಣ ಒತ್ತಿದ. ಮಾವ ಗೇರು ಎಳೆದರು. "ಈಗ ಬಿಡು. ಕೊಡು! ಕೊಡೋ!" ಬಹುವಚನ ಬಿದ್ದುಹೋದ ಆ ಕ್ಷಣ ಮೀಟರಣ್ಣನ ಕಾಲಿಗೆ ಎಲ್ಲಿಂದಲೋ ಬಲ ಬಂತು. ಕೊಟ್ಟ. ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಅದರ ಎರಡನೇ ಬಾಯಿ ತೆರೆಯಿತು.

ಹನ್ನೊಂದು ವರ್ಷ ನುಂಗಿಕೊಂಡದ್ದನ್ನೆಲ್ಲ ಅದು ಒಂದೇ ಉಸಿರಿನಲ್ಲಿ ಹೇಳಿತು. ಬೆಡ್‌ಶೀಟು ಹಾರಿ ಹೋಗಿ ಗುಮಾಸ್ತನನ್ನು ತಲೆಯಿಂದ ಕಾಲಿನವರೆಗೆ ಹೊದೆಯಿತು. ಅವನ ಕೂಗು ಕೇಳಿ ಸೈಕಲ್ಲಿನವನು ಸೈಕಲ್ಲು ಬಿಟ್ಟು ಓಡಿದ. ನಲವತ್ತು, ಅರವತ್ತು, ಎಂಬತ್ತು ಎಂದು ಮೀಟರಣ್ಣ ವೃತ್ತಿಯ ಅಭ್ಯಾಸದಂತೆ ಗಟ್ಟಿಯಾಗಿ ಓದುತ್ತಿದ್ದ.

"ಮೀಟರ್ ಆಮೇಲೆ ನೋಡೋ! ಮುಂದೆ ನೋಡೋ!" ಎಂದು ಮಾವ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ ಟ್ಯಾಂಕನ್ನು ಎರಡು ಸಲ ಸುತ್ತಿಸಿದರು. ಎರಡನೆಯ ಸುತ್ತಿಗೆ ಯಾವ ಕಾರಣವೂ ಇರಲಿಲ್ಲ.

ಗಾಡಿ ಅಧಿಕಾರಿಯ ಮುಂದೆ ಬಂದು ನಿಂತಾಗ ಧೂಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾವನ ಕೂದಲು ನೆಟ್ಟಗೆ ನಿಂತಿತ್ತು. ಮುಖದಲ್ಲಿ ರಕ್ತವಿತ್ತು, ಎಂದರೆ ಬಣ್ಣ. ಅಧಿಕಾರಿ ಮಸಿ ಒತ್ತಿದ ಸೀಲನ್ನು ಕೈಯಲ್ಲಿ ಹಿಡಿದೇ ಇದ್ದರು. ಪ್ರಾಮಾಣಿಕ ಮನುಷ್ಯ, ಕಂಡದ್ದನ್ನು ಬರೆಯಲೇಬೇಕು.

"ಬರ್ಕೊಳ್ರಿ," ಎಂದರು ಬೆಡ್‌ಶೀಟಿನೊಳಗಿಂದ ಹೊರಬರುತ್ತಿದ್ದ ಗುಮಾಸ್ತನಿಗೆ. "ಚಾಲನೆಯ ವೇಳೆ ಶವವು ಎದ್ದು ಕುಳಿತು, ಗೇರು ಬದಲಾಯಿಸಿ, ಚಾಲಕನನ್ನು ಏಕವಚನದಲ್ಲಿ ಬೈದದ್ದು ಕಂಡುಬಂದಿದೆ. ಆದ್ದರಿಂದ ಸದರಿ ವಾಹನವು ಶವಸಾಗಣೆಗೆ ಸಂಪೂರ್ಣ ಅಯೋಗ್ಯ."

"ಸಂಪೂರ್ಣ ಅಂತ ಹಾಕ್ಲಾ ಸಾರ್?"

"ಅಡಿಗೆರೆ ಎಳೀರಿ."

ಗ್ಯಾರೇಜಿನ ಅಕ್ಕ ಎರಡು ಬೆರಳು ಬಾಯಿಗಿಟ್ಟು ಅಧಿಕಾರಿಯ ಸೀಟಿಗಿಂತ ಜೋರಾಗಿ ಸಿಳ್ಳೆ ಹೊಡೆದಳು. ಮೀಟರಣ್ಣ ಕಾಗದವನ್ನು ತೆಗೆದುಕೊಂಡು ಗುಮಾಸ್ತನ ಬೆನ್ನ ಹಿಂದೆಯೇ ಮೂರನೇ ಕಿಟಕಿಗೆ ಓಡಿದ. 'ದರ್ಜೆ: ಕಾರು' ಎಂದು ಬರೆಸಿಕೊಂಡು, ಮಸಿ ಆರಲೆಂದು ಊದುತ್ತಾ ಹೊರಗೆ ಬಂದಾಗ ಮಾವ ಬಲಗಡೆಯ ಸೀಟಿಗೆ ಸರಿದು ಕೂತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸುವುದು ಮೂವರು ಡಾಕ್ಟರಿಂದಲೂ ಆಗುವ ಹಾಗಿರಲಿಲ್ಲ.

"ಅಪ್ಪ ಒಬ್ಬರೇ ಹೋಗೋದು ಬೇಡ ರೀ," ಎಂದು ಹೆಂಡತಿ ಎಡಗಡೆ ಹತ್ತಿ ಕೂತು, ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡಳು. "ನೀವು?"

"ನಾನು ಬಸ್ಸಲ್ಲಿ ಬರ್ತೀನಿ."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮೀಟರಣ್ಣ ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತ. ಮೂರನೇ ನಿಲ್ದಾಣದ ಹತ್ತಿರ ಹಿಂದಿನಿಂದ ಒಂದು ಸದ್ದು ಬಂತು, ಮೊದಲು ಒಂದು ಬಾಯಲ್ಲಿ, ಆಮೇಲೆ ಎರಡು ಬಾಯಲ್ಲಿ. ಜನ ಕಿಟಕಿಯ ಕಡೆ ವಾಲಿದರು. ಕೆಂಪಗೆ ಏನೋ ಬಸ್ಸನ್ನು ದಾಟಿತು. ಮುದುಕರೊಬ್ಬರು ಬಸ್ಸಿನ ಡ್ರೈವರಿಗೆ ಕೈ ಎತ್ತಿ, ಡ್ರೈವರು ಡ್ರೈವರಿಗೆ ಮಾಡುವ ಸಲಾಮು ಮಾಡಿದರು. ಪಕ್ಕದಲ್ಲಿ ಗಣಿತದ ಟೀಚರೊಬ್ಬಳು ಬಿಚ್ಚಿದ ಕೂದಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು. ಮುಂದಿನ ವೃತ್ತದಲ್ಲಿ ಗಾಡಿ ಎಡಕ್ಕೆ ಹೊರಳಿ, ಗುಡ್ಡದ ರಸ್ತೆ ಹಿಡಿದು, ಏರು ಹತ್ತತೊಡಗಿತು.

"ಯಾರಪ್ಪಾ ಅದು!" ಎಂದ ಡ್ರೈವರು.

"ನಮ್ಮವರು," ಎಂದ ಮೀಟರಣ್ಣ.

"ನಿಮ್ಮ ಮನೆ ಆ ಕಡೇನಾ?"

"ಇಲ್ಲ. ಮನೆ ಈ ಕಡೆ," ಎಂದು ಹೇಳಿ ಮೀಟರಣ್ಣ, ಸದ್ದು ಕೇಳುವಷ್ಟು ಹೊತ್ತೂ, ಆ ಕಡೆಯೇ ನೋಡುತ್ತಾ ನಿಂತ.